ಗಲ್ಲಾ ಪೆಟ್ಟಿಗೆಯ ಹಿಪ್ ಹಾಪ್

ಮಾಟುಂಗಾದ ಹಾಲ್ ಒಂದರಲ್ಲಿ ಮುಂಜಿ ಊಟ. ಎರಡನೇ ಪಂಕ್ತಿ ಎದ್ದು, ಕೈ ತೊಳೆದು, ಬೀಡ ಬಾಯಿಗಿಟ್ಟುಕೊಂಡು ನಾವು ನಾಲ್ಕೈದು ಹಿರಿಯರು ಫ್ಯಾನಿನ ಕೆಳಗೆ ಕುರ್ಚಿ ಹಿಡಿದಿದ್ದೆವು. ಹೆಂಡತಿಯ ತಂಗಿಯ ಮಗ ಮೊಬೈಲು ಹಿಡಿದು ಬಂದ. ರೀಲ್ ಮಾಡುತ್ತಿದ್ದಾನಂತೆ. "ದೊಡ್ಡಪ್ಪ, ನಿಮ್ಮ ಫೇವರಿಟ್ ಹಿಪ್ ಹಾಪ್ ಆಲ್ಬಮ್ ಯಾವುದು?" ಅಂದ. ಹಿಪ್ ಹಾಪ್ ಅಂದರೆ ತಾಳಕ್ಕೆ ಪ್ರಾಸ ಕಟ್ಟಿ ಪಟಪಟ ಮಾತಾಡುವ ಈ ರ‍್ಯಾಪ್ ಇರುವ ಅಮೆರಿಕದ ಸಂಗೀತ. ನಮಗೆ ಗೊತ್ತಿರುವುದಿಲ್ಲ ಅಂತ ಅವನೇ ಮೊದಲೇ ತೀರ್ಮಾನಿಸಿದ್ದ. ನಾವು ಕಣ್ಣು ಕಣ್ಣು ಬಿಡುವುದೇ ರೀಲಿಗೆ ಬೇಕಾಗಿದ್ದು.

ಪಕ್ಕದಲ್ಲಿದ್ದವರು ಬೀಡ ಒಂದು ದವಡೆಗೆ ಸರಿಸಿ, "ಲಾರಿನ್ ಹಿಲ್. ಮಿಸ್‌ಎಜುಕೇಶನ್" ಅಂದುಬಿಟ್ಟರು. ಹುಡುಗನ ಮುಖ ನೋಡಬೇಕಿತ್ತು! ಲಾರಿನ್ ಹಿಲ್ ಎನ್ನುವ ಅಮೆರಿಕದ ಹಾಡುಗಾರ್ತಿಯ 1998ರ ಆಲ್ಬಮ್ ಅದು. ಮರುವರ್ಷ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಮ್ ಆಯಿತು, ಹಿಪ್ ಹಾಪ್‌ಗೆ ಆ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ನಾನು ನ್ಯೂಯಾರ್ಕಿನ ರ‍್ಯಾಪರ್ ನಾಸ್‌ನ 'ಇಲ್ಮ್ಯಾಟಿಕ್' ಅಂದೆ. ಆಚೆ ಕುರ್ಚಿಯವರು ಸ್ವಲ್ಪ ಯೋಚಿಸಿ, "ಬಾಬಾ ಸೆಹಗಲ್" ಅಂದರು. ತೊಂಬತ್ತರ ದಶಕದ ನಮ್ಮ ಹಿಂದಿ ರ‍್ಯಾಪರ್. ಎಲ್ಲರೂ ನಕ್ಕರು. ಹುಡುಗ ಅದನ್ನೇ ಮೂರು ಸಲ ಹೇಳಿಸಿ ವಿಡಿಯೋ ತೆಗೆದುಕೊಂಡ.

ನಗುವಂಥದ್ದು ಏನಿತ್ತು ಅದರಲ್ಲಿ? ಆ ನಗುವೇ ನನಗೆ ಮೂರು ದಿನ ತಲೆ ತಿಂದಿತು. ಇದರ ಹಿಂದೆ ಏನೋ ಒಂದು ದೊಡ್ಡ ವಿಷಯ ಇದೆ ಅಂತ ನನಗೆ ಗುಮಾನಿ. ಬರೆಯುತ್ತಾ ಹೋದರೆ ಸಿಗಬಹುದು.

ಮೊದಲು ವಯಸ್ಸಿನ ಲೆಕ್ಕ. ಹಿಪ್ ಹಾಪ್ ಹುಟ್ಟಿದ್ದು 1973ರ ಆಗಸ್ಟ್ 11ಕ್ಕೆ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲಿ ಅಂತ ಬಲ್ಲವರು ಹೇಳುತ್ತಾರೆ. ಕೂಲ್ ಹರ್ಕ್ ಎನ್ನುವ ಹುಡುಗ ತಂಗಿಯ ಪಾರ್ಟಿಗೆ ರೆಕಾರ್ಡ್ ಹಾಕಿದನಂತೆ. ನಾನಾಗ ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದೆ. ಅಂದರೆ ಹಿಪ್ ಹಾಪ್‌ಗಿಂತ ನಾನು ದೊಡ್ಡವನು. ಅದೇನಾದರೂ ನಮ್ಮ ಬ್ಯಾಂಕಿನಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ವಿಆರ್‌ಎಸ್ ಫಾರ್ಮ್ ಹಿಡಿದುಕೊಂಡು ಓಡಾಡುತ್ತಿತ್ತು. ಆದರೂ ಇದು ಹುಡುಗರ ಸಂಗೀತವಂತೆ, ನಾವು ಕೇಳಿದರೆ ಅವರಿಗೆ ತಮಾಷೆಯಂತೆ.

ಬಾಬಾ ಸೆಹಗಲ್ ವಿಷಯಕ್ಕೆ ಬರ್ತೇನೆ. 1992ರಲ್ಲಿ 'ಠಂಡಾ ಠಂಡಾ ಪಾನಿ' ಕ್ಯಾಸೆಟ್ ಬಂದಾಗ ಇಡೀ ಬೊಂಬಾಯಿ ಅದನ್ನೇ ಗುನುಗುತ್ತಿತ್ತು. ಈಗ ನಗುವವರೂ ಗುನುಗಿದ್ದಾರೆ. ಕದ್ದ ಮಾಲು ಅಂತೀರಾ? ಹೌದು, ಅಮೆರಿಕದ ರ‍್ಯಾಪರ್ ವೆನಿಲಾ ಐಸ್‌ನಿಂದ ಎತ್ತಿದ್ದು. ವೆನಿಲಾ ಐಸ್ ಎತ್ತಿದ್ದು ಇಂಗ್ಲೆಂಡಿನ ಕ್ವೀನ್ ತಂಡ ಡೇವಿಡ್ ಬೋವಿ ಜೊತೆ 1981ರಲ್ಲಿ ಮಾಡಿದ ಹಾಡಿನಿಂದ. ಆ ಕ್ವೀನ್‌ನ ಫ್ರೆಡ್ಡಿ ಮರ್ಕ್ಯುರಿ ಓದಿದ್ದೆಲ್ಲಿ? ಇಲ್ಲೇ ಪಂಚಗಣಿಯಲ್ಲಿ. ಮಾಲು ಲಂಡನ್ ನೋಡಿ, ಅಮೆರಿಕ ಸುತ್ತಿ, ಮನೆಗೇ ವಾಪಸು ಬಂತು, ಅಷ್ಟೇ.

ನನ್ನ ಇಲ್ಮ್ಯಾಟಿಕ್ ಕಥೆಯೂ ಅಂಥ ಘನವಾದದ್ದೇನಲ್ಲ. ಅದು 1994ರ ಆಲ್ಬಮ್. ವಿಮರ್ಶಕರು ಹೊಗಳಿದ್ದು ನನಗೆ ಗೊತ್ತೇ ಇರಲಿಲ್ಲ. ದುಬೈಯಲ್ಲಿದ್ದ ತಮ್ಮ ರಜೆಗೆ ಬಂದವನು ಕ್ಯಾಸೆಟ್ ತಂದಿದ್ದ. ಹೋಗುವ ಮುಂಚೆ ನನಗೊಂದು ಪ್ರತಿ ಇರಲಿ ಅಂತ ಕೈಗೆ ಸಿಕ್ಕಿದ ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ಟೂ-ಇನ್-ಒನ್‌ನಲ್ಲಿ ಇಳಿಸಿದ. ಕೈಗೆ ಸಿಕ್ಕಿದ್ದು ನನ್ನ ಹೆಂಡತಿಯ ದಾಸವಾಣಿ, ಭೀಮಸೇನ ಜೋಶಿಯವರದ್ದು. ಕ್ಯಾಸೆಟ್ಟಿನ ಒಂದು ಬದಿಗೆ ನಲವತ್ತೈದು ನಿಮಿಷ. ಇಲ್ಮ್ಯಾಟಿಕ್ ಇರುವುದು ಸುಮಾರು ನಲವತ್ತು. ಹಾಗಾಗಿ ನಾಸ್ ಕೊನೆಯ ಹಾಡು ಮುಗಿಸಿದ ಕೂಡಲೇ 'ಟಕ್' ಅಂತ ಸದ್ದು, ಆಮೇಲೆ ಭೀಮಸೇನರು ಹಾಡಿನ ನಟ್ಟನಡುವೆ ಎದ್ದು ಬರುತ್ತಿದ್ದರು. ನನ್ನ ಪಾಲಿಗೆ ಆ ಆಲ್ಬಮ್ ಮುಗಿಯುವುದೇ ಹಾಗೆ. ಈಗ ಫೋನಿನಲ್ಲಿ ಕೇಳಿದರೆ ಕೊನೆಗೆ ಏನೋ ಬಾಕಿ ಉಳಿದ ಹಾಗೆ ಅನಿಸುತ್ತದೆ. ಮೂರನೇ ಹಾಡಿನ ಕೊನೆಯಲ್ಲಿ ನಾಸ್‌ನ ಅಪ್ಪ ಓಲು ದಾರಾ ಕಾರ್ನೆಟ್ ಊದುತ್ತಾರೆ. ಇಪ್ಪತ್ತು ವರ್ಷದ ಮಗ ಇನ್ನೇನು ಬದುಕು ಇಷ್ಟೇ ಅಂತ ಹೇಳಿ ಮುಗಿಸಿದ ಮೇಲೆ ಅಪ್ಪ ಬಂದು ಮಾತಿಲ್ಲದೆ ಸ್ವಲ್ಪ ಹೊತ್ತು ಊದಿ ಹೋಗುತ್ತಾರೆ. ನನಗೆ ಇಷ್ಟವಾದದ್ದು ಅದು. ದಾಸವಾಣಿ ಅಳಿಸಿದ್ದಕ್ಕೆ ಹೆಂಡತಿ ನನ್ನ ತಮ್ಮನ ಜೊತೆ ಎರಡು ವರ್ಷ ಸರಿಯಾಗಿ ಮಾತಾಡಲಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಹೊಟ್ಟೆಯಲ್ಲೇ ಉಳಿಯುತ್ತದೆ. ಮುಂಬಯಿಯ ಯಾವ ಕನ್ನಡ ಕಾರ್ಯಕ್ರಮಕ್ಕೆ ಹೋದರೂ ಯಾರೋ ಒಬ್ಬರು ಮೈಕಿನ ಮುಂದೆ ನಿಂತು, "ಈ ರ‍್ಯಾಪ್ ಎಲ್ಲ ನಮ್ಮ ತಾಳಮದ್ದಳೆಯಲ್ಲಿ ಯಾವತ್ತೋ ಇತ್ತು" ಅಂತಾರೆ. ಚಪ್ಪಾಳೆ ಬೀಳುತ್ತದೆ. ಸ್ವಾಮೀ, ಅರ್ಥಧಾರಿ ಮಾತಿಗೆ ಶುರುವಿಟ್ಟರೆ ಮದ್ದಳೆ ಸುಮ್ಮನಾಗುತ್ತದೆ. ಅರ್ಧ ಗಂಟೆಯಾದರೂ ಮದ್ದಳೆಯವರು ಕೈ ಕಟ್ಟಿ ಕೂತಿರುತ್ತಾರೆ. ರ‍್ಯಾಪ್‌ನಲ್ಲಿ ತಾಳ ನಿಂತರೆ ಅಲ್ಲಿಗೆ ಕಥೆ ಮುಗೀತು. ಎರಡನ್ನೂ ಕೂತು ಕೇಳದವರು ಮಾತ್ರ ಹೀಗೆ ಹೋಲಿಸುತ್ತಾರೆ. 2019ರಲ್ಲಿ ಧಾರಾವಿಯ ರ‍್ಯಾಪ್ ಹುಡುಗರ 'ಗಲ್ಲಿ ಬಾಯ್' ಸಿನಿಮಾ ಬಂದ ಮೇಲೆ ಇಂಥವರ ಕಾಟ ಜಾಸ್ತಿಯಾಯಿತು. ಮಾಟುಂಗಾದಲ್ಲೇ ಹುಟ್ಟಿ ಬೆಳೆದು ಹಳಿ ದಾಟಿ ಧಾರಾವಿಗೆ ಒಂದು ದಿನ ಕಾಲಿಡದವರೂ ಧಾರಾವಿಯ ರ‍್ಯಾಪ್ ಬಗ್ಗೆ ಉಪನ್ಯಾಸ ಕೊಡತೊಡಗಿದರು. ಕಾಳಾ ಘೋಡಾದ ಕ್ಯಾಸೆಟ್ ಅಂಗಡಿ ರಿದಮ್ ಹೌಸ್ 2016ರಲ್ಲಿ ಬಾಗಿಲು ಹಾಕಿದಾಗ ಕಣ್ಣೀರು ಹಾಕಿದವರೂ ಇವರೇ. ಪುಕ್ಕಟೆ ಕೇಳಿ ಬಂದದ್ದು ಬಿಟ್ಟರೆ ಒಂದು ಕ್ಯಾಸೆಟ್ ಕೊಂಡಿದ್ದರಾ ಕೇಳಿ.

ಇವರೆಲ್ಲರಿಗಿಂತ ನನಗೆ ನಮ್ಮ ಧಣಿಗಳು ಮೇಲು. ಉಡುಪಿ ಹೋಟೆಲಿನ ಧಣಿಗಳು, ಸ್ಟೇಷನ್ ಹತ್ತಿರ. ಮಧ್ಯಾಹ್ನ ಮೂರಕ್ಕೆ ಊಟದ ಗಲಾಟೆ ಮುಗಿದು ನಾಲ್ಕರ ಚಾ ಶುರುವಾಗುವ ತನಕ ಗಲ್ಲಾದಲ್ಲಿ ಒಬ್ಬರೇ ಕೂತು ಹಳೆ ಹಿಂದಿ ಹಾಡು ಕೇಳುತ್ತಾರೆ. ಅದರಲ್ಲಿ ಅವರನ್ನು ಮೀರಿಸುವವರಿಲ್ಲ. 2002ರಲ್ಲಿ ಒಂದು ದಿನ ಮಗ ಯಾವುದೋ ಇಂಗ್ಲಿಷ್ ಹಾಡು ಹಾಕಿದನಂತೆ. ಧಣಿಗಳು ಚಿಲ್ಲರೆ ಎಣಿಸುತ್ತಿದ್ದವರು ಹಾಗೇ ನಿಂತರು. "ಏ, ಇದು ಲತಾ ಬಾಯಿ ಅಲ್ವನಾ?"

ಹೌದು. ಟ್ರೂತ್ ಹರ್ಟ್ಸ್ ಎನ್ನುವ ಹಾಡುಗಾರ್ತಿಯ 'ಅಡಿಕ್ಟಿವ್'. ಡಿಜೆ ಕ್ವಿಕ್ ಎನ್ನುವವನು 1981ರ 'ಜ್ಯೋತಿ' ಚಿತ್ರದ ಲತಾ ಹಾಡನ್ನು ಎತ್ತಿ ಅದರ ಅಡಿಗೆ ಹಾಸಿದ್ದ. ಸಂಗೀತ ಬಪ್ಪಿ ಲಾಹಿರಿಯವರದ್ದು. ಕೇಸು ಲಾಸ್ ಏಂಜಲೀಸ್ ಕೋರ್ಟಿಗೆ ಹೋಯಿತು. ಬಪ್ಪಿದಾ ಹೆಸರು ಹಾಕುವ ತನಕ ಆಲ್ಬಮ್ ಮಾರಕೂಡದು ಅಂತ 2003ರಲ್ಲಿ ಆದೇಶವೂ ಆಯಿತು. ಧಣಿಗಳು ಆ ಕೇಸನ್ನು ತಮ್ಮ ಸ್ವಂತ ಅಂಗಡಿಯ ಬಾಡಿಗೆ ಕೇಸಿಗಿಂತ ಶ್ರದ್ಧೆಯಿಂದ ಹಿಂಬಾಲಿಸಿದರು.

ಅವತ್ತಿನಿಂದ ಅವರಿಗೆ ಚಟ ಹತ್ತಿತು. ಉದ್ರಿ ಬರೆಯುವ ಉದ್ದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಗೆರೆ ಎಳೆದು ಮನೆ ಮಾಡಿದರು. ಎತ್ತಿದವರು, ಯಾರದ್ದು, ಯಾವ ಪಿಕ್ಚರು, ಎಷ್ಟು ಸೆಕೆಂಡು, ಹೆಸರು ಹಾಕಿದ್ದಾರೋ ಇಲ್ಲವೋ. ಕೆಂಪು ಇಂಕಿನಲ್ಲಿ ಟಿಕ್ಕು. ಬ್ಲ್ಯಾಕ್ ಐಡ್ ಪೀಸ್ ತಂಡ 2005ರ 'ಮಂಕಿ ಬಿಸಿನೆಸ್' ಆಲ್ಬಮ್ಮಿನಲ್ಲಿ 'ಡಾನ್' ಮತ್ತು 'ಅಪರಾಧ್' ಎರಡು ಚಿತ್ರಗಳ ಹಾಡು ಸೇರಿಸಿ ಒಂದು ಹಾಡು ಮಾಡಿತ್ತು. ಎರಡೂ ಕಲ್ಯಾಣ್‌ಜಿ-ಆನಂದ್‌ಜಿ. ಆ ಹಾಡಿಗೆ ಮರುವರ್ಷ ರ‍್ಯಾಪ್ ಗ್ರ್ಯಾಮಿ ಬಂತು. "ಅದು ಯಾರ ಖಾತೆಗೆ ಜಮಾ ಆಗಬೇಕಿತ್ತು, ನೀವೇ ಹೇಳಿ. ಬ್ಯಾಂಕಿನವರಲ್ವಾ ನೀವು?" ಅಂತ ನನ್ನನ್ನು ಕೇಳುತ್ತಾರೆ.

ಎಲ್ಲಕ್ಕಿಂತ ಅವರಿಗೆ ಇಷ್ಟವಾದದ್ದು ಎರಿಕ್ ಸರ್ಮನ್‌ನ 'ರಿಯಾಕ್ಟ್'. ಅದೂ 2002ರದ್ದೇ. 1963ರ 'ತಾಜ್ ಮಹಲ್' ಚಿತ್ರದ ಕವಾಲಿಯ ಒಂದು ತುಂಡು ಅದರಲ್ಲಿದೆ. ಸಾಹಿರ್ ಬರೆದದ್ದು, ರೋಶನ್ ಸಂಗೀತ. ಯಾರಿಗಾದರೂ ಆತ್ಮಹತ್ಯೆಯ ಶೋಕಿ ಇದ್ದರೆ ಏನು ಮಾಡಲಿಕ್ಕಾಗುತ್ತದೆ ಅಂತ ಹಿಂದಿಯಲ್ಲಿ ಹೆಣ್ಣು ದನಿ ಕೇಳುತ್ತದೆ. ಅರ್ಥ ಗೊತ್ತಿಲ್ಲದ ರ‍್ಯಾಪರ್, ಅವಳು ಏನಂದಳೋ ನಾನು ಅದೇ ಅಂತ ಎದೆ ತಟ್ಟಿಕೊಂಡು ಉತ್ತರ ಕೊಡುತ್ತಾನೆ. ಧಣಿಗಳು ಇದನ್ನು ಎಷ್ಟು ಸಲ ಕೇಳಿದರೂ ನಗುತ್ತಾರೆ. ಕನ್ನಡಕ ತೆಗೆದು ಬೈರಾಸಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ನಗುತ್ತಾರೆ. ಒಮ್ಮೆ ಗಿರಾಕಿ ಬಿಲ್ಲು ಕೊಡಲು ನಿಂತಿದ್ದರೆ ಅವರಿಗೂ ಸಾಹಿರ್‌ನ ಸಾಲು ವಿವರಿಸಿ, ಐನೂರರ ನೋಟಿಗೆ ಚಿಲ್ಲರೆ ಕೊಡುವುದನ್ನೇ ಮರೆತರು. ಆ ಮನುಷ್ಯ ಬ್ಯಾಂಡ್ರಾ ಲೋಕಲ್ ತಪ್ಪಿಸಿಕೊಂಡು ವಾಪಸು ಬಂದು ಜಗಳ ಮಾಡಿದ.

ಡಿ ಲಾ ಸೋಲ್ ತಂಡದ 1989ರ ಆಲ್ಬಮ್ ಫೋನಿನ ಆ್ಯಪ್‌ಗಳಲ್ಲಿ ಸಿಗಲಿಕ್ಕೆ 2023 ಆಗಬೇಕಾಯಿತು, ಎತ್ತಿದ ತುಂಡುಗಳ ಹಕ್ಕಿನ ತಕರಾರು ಅಂತ ನಾನೇ ಹೇಳಿದೆ. ಧಣಿಗಳು ತೃಪ್ತಿಯಿಂದ ತಲೆ ಆಡಿಸಿದರು. "ನೋಡಿ, ಲೆಕ್ಕ ಆಗಿಂದಾಗ ಚುಕ್ತಾ ಮಾಡದಿದ್ದರೆ ಹೀಗೇ."

ನಿಮಗಿಷ್ಟದ ಹಿಪ್ ಹಾಪ್ ಆಲ್ಬಮ್ ಯಾವುದು ಅಂತ ಅವರನ್ನೂ ಕೇಳಿದೆ. "ಟ್ರೂತ್‌ಫುಲಿ ಸ್ಪೀಕಿಂಗ್" ಅಂದರು, ಆ ಲತಾ ತುಂಡು ಇರುವ ಟ್ರೂತ್ ಹರ್ಟ್ಸ್ ಆಲ್ಬಮ್. ಅದರ ಉಳಿದ ಹಾಡುಗಳು ಹೇಗಿವೆ? "ಉಳಿದದ್ದು ನಾನ್ಯಾಕೆ ಕೇಳಲಿ ಮಾರಾಯ್ರೆ, ಅದರಲ್ಲಿ ನಮ್ಮದು ಏನೂ ಇಲ್ಲ."

ನನಗಂತೂ ಇದು ಯಾವ ವಿಮರ್ಶಕರ ಪಟ್ಟಿಗಿಂತಲೂ ನೆಟ್ಟಗಿನ ಉತ್ತರ ಅನಿಸಿತು. ಯಾಕೆ ಅಂತ ಬಿಡಿಸಿ ಹೇಳೋಣ ಅಂತಲೇ ಕೂತಿದ್ದೆ, ಆದರೆ ಈಗ ತಲೆಯಲ್ಲಿರುವುದು ಬೇರೆಯೇ ಒಂದು ಚಿಂತೆ. ಮ್ಯಾಡ್‌ಲಿಬ್ ಎನ್ನುವ ಅಮೆರಿಕದವನು 2007ರಲ್ಲಿ 'ಬೀಟ್ ಕಂಡಕ್ಟಾ ಇನ್ ಇಂಡಿಯಾ' ಅಂತ ಒಂದು ಆಲ್ಬಮ್ಮನ್ನೇ ನಮ್ಮ ಸಿನಿಮಾ ರೆಕಾರ್ಡುಗಳ ತುಂಡುಗಳಿಂದ ಹೊಲಿದಿದ್ದಾನೆ. ಒಂದೊಂದು ತುಂಡೂ ಕಿವಿಗೆ ಬಿತ್ತೋ ಇಲ್ಲವೋ ಅನ್ನುವಷ್ಟರಲ್ಲಿ ಇನ್ನೊಂದು ಬರುತ್ತದೆ. ಇದು ಧಣಿಗಳಿಗೆ ಇನ್ನೂ ಗೊತ್ತಿಲ್ಲ. ಹೇಳಿದರೆ ಗಲ್ಲಾಕ್ಕೆ ಒಂದು ತಿಂಗಳು ಬೇರೆ ಯಾರನ್ನಾದರೂ ಕೂರಿಸಬೇಕಾಗುತ್ತದೆ. ಮಗನನ್ನು ಒಂದು ಮಾತು ಕೇಳಿ ಆಮೇಲೆ ಹೇಳೋಣ ಅಂತಿದ್ದೇನೆ.