ಇಲಿಗೆ ಮಸಾಲೆ ವಡೆ, ನಮಗೆ ಉಪ್ಪಿಟ್ಟು

ಮೊನ್ನೆ ಬೆಳಿಗ್ಗೆ ಸ್ನಾನಕ್ಕೆ ಹೋದರೆ ಸೋಪಿನ ಒಂದು ತುದಿಯೇ ಇರಲಿಲ್ಲ. ಮೈಸೂರು ಸ್ಯಾಂಡಲ್ ಸೋಪು, ಹಿಂದಿನ ದಿನವಷ್ಟೇ ಡಬ್ಬಿಯಿಂದ ಬಿಚ್ಚಿದ್ದು. ಮೇಲಿನ ಅಕ್ಷರ ಕೂಡ ಸವೆದಿರಲಿಲ್ಲ. ತುದಿಯಲ್ಲಿ ಜೋಡಿ ಜೋಡಿ ಗೀರು, ಯಾರೋ ಪುಟ್ಟ ಬಡಗಿ ಪುಟ್ಟ ಉಳಿ ಹಿಡಿದು ರಾತ್ರಿಯೆಲ್ಲ ಕೆತ್ತಿದ ಹಾಗೆ. ಪಕ್ಕದಲ್ಲೇ ಬಟ್ಟೆ ಒಗೆಯುವ ಬಾರ್ ಸೋಪಿತ್ತು. ಅದನ್ನು ಮೂಸಿಯೂ ನೋಡಿರಲಿಲ್ಲ. ನಾಲ್ವಡಿಯವರ ಕಾಲದಿಂದ ಬಂದ ಸೋಪಿನ ಬೆಲೆ ನಮ್ಮ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿದೆಯಲ್ಲ ಎಂದು ಸಮಾಧಾನ ಪಡಬಹುದಿತ್ತು. ಒದ್ದೆ ಮೈಯಲ್ಲಿ ನಿಂತವನಿಗೆ ಅಷ್ಟು ದೊಡ್ಡ ಮನಸ್ಸು ಬರುವುದಿಲ್ಲ.

ಮನೆಯಿಂದ ಇಲಿ ಓಡಿಸುವ ವಿಷಯದಲ್ಲಿ ನನಗೊಂದು ಸತ್ಯ ಗೊತ್ತಾಗಿದೆ. ನಲವತ್ತು ವರ್ಷದ ಅನುಭವದಿಂದ ಹೊಳೆದದ್ದು. ಅದನ್ನು ಹೇಳಲಿಕ್ಕೇ ಕೂತಿದ್ದೇನೆ. ಆದರೆ ಮೊದಲು ತಿಪಟೂರಿನ ಬೋನಿನ ಕಥೆ ಆಗಬೇಕು. ಅದಿಲ್ಲದೆ ಹೇಳಿದರೆ ನೀವು ನಂಬುವುದಿಲ್ಲ.

ನಮ್ಮಜ್ಜನ ಮನೆ ತಿಪಟೂರಲ್ಲಿ. ಮನೆ ಎನ್ನುವುದಕ್ಕಿಂತ ಕೊಬ್ಬರಿ ಅಟ್ಟ, ಅದರ ಕೆಳಗೆ ಉಳಿದ ಜಾಗದಲ್ಲಿ ನಾವು. ಬಲಿತ ಕಾಯಿಗಳನ್ನು ಅಟ್ಟಕ್ಕೆ ಏರಿಸಿದರೆ ಸುಮಾರು ಒಂದು ವರ್ಷ ಅಲ್ಲೇ. ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆಗ ಅದು ಉಂಡೆ ಕೊಬ್ಬರಿ. ಇಡೀ ವರ್ಷ ಕಾಯುವ ತಾಳ್ಮೆ ಅಜ್ಜನಿಗಿತ್ತು, ಇಲಿಗಳಿಗಿರಲಿಲ್ಲ. ರಾತ್ರಿ ದೀಪ ಆರಿಸಿದ್ದೇ ತಡ, ಮೇಲೆ ಕರಕರ ಶುರು. ಮಧ್ಯೆ ಒಂದು ಕಾಯಿ ಗಡಗಡ ಉರುಳಿ ಗೋಡೆಗೆ ಹೊಡೆದರೆ ಅಜ್ಜ ಮಲಗಿದಲ್ಲಿಂದಲೇ ಅದರ ಬೆಲೆ ಹೇಳುತ್ತಿದ್ದರು.

ಇಡೀ ಬೀದಿಗೆ ಇದ್ದದ್ದು ಒಂದೇ ಬೋನು. ಅದು ರಿಟೈರ್ಡ್ ಮೇಷ್ಟ್ರೊಬ್ಬರದು. ತಂತಿ ಹೆಣೆದ ಗೂಡು, ಅಡಿಗೆ ಹಲಗೆ, ಒಳಗೊಂದು ಕೊಕ್ಕೆ. ಕೊಕ್ಕೆಗೆ ಸಿಕ್ಕಿಸಿದ್ದನ್ನು ಎಳೆದರೆ ಹಿಂದಿನ ಬಾಗಿಲು ರಪ್ಪೆಂದು ಬೀಳುತ್ತಿತ್ತು. ಬೇಕಾದವರು ಹೋಗಿ ಕೇಳಬೇಕು. ಮೇಷ್ಟ್ರು ಹಳೇ ಹಾಜರಿ ಪುಸ್ತಕ ತೆಗೆದು ತಾರೀಖು, ಯಾರ ಮನೆ, ವಾಪಸು ಬಂದ ದಿನ, ಬಿದ್ದ ಇಲಿ ಎಷ್ಟು ಎಂದು ನಾಲ್ಕು ಕಾಲಂ ತುಂಬಿಸಿಯೇ ಕೊಡುತ್ತಿದ್ದರು. ತೊಳೆದು ಕೊಡಬೇಕೆಂಬ ನಿಯಮವಿತ್ತು. ಯಾರೂ ತೊಳೆದದ್ದನ್ನು ನಾನು ಕಂಡಿಲ್ಲ.

ಬೇರೆ ಊರಲ್ಲಾದರೆ ಬೋನಿಗೆ ಸುಟ್ಟ ಕೊಬ್ಬರಿ ಚೂರು ಸಿಕ್ಕಿಸುತ್ತಾರೆ. ಕೊಬ್ಬರಿ ಅಟ್ಟದಲ್ಲೇ ಹುಟ್ಟಿ ಬೆಳೆದ ಇಲಿಗೆ ಕೊಬ್ಬರಿ ತೋರಿಸುವುದು ಮಿಠಾಯಿ ಅಂಗಡಿಯವನಿಗೆ ಜಹಾಂಗೀರು ಕೊಟ್ಟ ಹಾಗೆ. ಮಸಾಲೆ ವಡೆಯೇ ಆಗಬೇಕು, ಅದೂ ಅದೇ ದಿನ ಕರಿದದ್ದು ಎಂದು ಮೇಷ್ಟ್ರು ತೀರ್ಪು ಕೊಟ್ಟಿದ್ದರು. ಒಂದು ವಡೆಗೆ ಬಾಂಡ್ಲಿ ಇಡಲಾದೀತೆ? ಎಂಟು ಹತ್ತು ಆಗುತ್ತಿತ್ತು. ಮಕ್ಕಳಾದ ನಮಗೆ ಒಂದೊಂದು, ಬೋನಿಗೊಂದು. ಅಜ್ಜನಿಗೆ ಆಗಲೇ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಕರಿದದ್ದು ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದರಿಂದ ಅವರಿಗೆ ಮಾತ್ರ ಉಪ್ಪಿಟ್ಟು.

"ಮನೆ ಯಜಮಾನ ಉಪ್ಪಿಟ್ಟು ತಿಂದು ಮಲಗ್ಬೇಕು, ಇಲಿ ವಡೆ ತಿನ್ಬೇಕು" ಎಂದು ಒಮ್ಮೆ ಅಜ್ಜ ರೇಗಿದರು.

"ನೀವೂ ಹೋಗಿ ಬೋನೊಳಗೆ ಕೂತ್ಕಳಿ, ನಿಮಗೂ ಒಂದು ಸಿಗಿಸ್ತೀನಿ" ಎಂದರು ಅಜ್ಜಿ, ಬಾಂಡ್ಲಿಯಿಂದ ಕಣ್ಣೆತ್ತದೆ.

ಬಿದ್ದ ಇಲಿಯನ್ನು ಕೊಲ್ಲುವಂತಿಲ್ಲ. ಸೈಕಲ್ಲಿನ ಕ್ಯಾರಿಯರ್‌ಗೆ ಬೋನು ಕಟ್ಟಿ, ಗೋಣಿಚೀಲ ಮುಚ್ಚಿ, ರೈಲು ಹಳಿ ದಾಟಿಸಿ ಬಿಟ್ಟು ಬರುವುದು ಹುಡುಗರ ಕೆಲಸ. ಇಲಿ ಹಳಿ ದಾಟಿ ವಾಪಸು ಬರುವುದಿಲ್ಲ ಎಂಬ ನಂಬಿಕೆ ಬೀದಿಗೆ ಬೀದಿಗೇ ಇತ್ತು. ಯಾಕೆ ಬರುವುದಿಲ್ಲ, ಹಳಿ ದಾಟಲು ಅದಕ್ಕೆ ಟಿಕೆಟ್ ಬೇಕೇ ಎಂದು ಯಾರೂ ಕೇಳಿರಲಿಲ್ಲ. ಕೇಳಿದವರು ಮೇಷ್ಟ್ರೊಬ್ಬರೇ. ನಲವತ್ತು ವರ್ಷ ವಿಜ್ಞಾನ ಪಾಠ ಮಾಡಿದವರು. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಪೊರಕೆ ಕಡ್ಡಿಗೆ ಹತ್ತಿ ಸುತ್ತಿ, ತಿದ್ದುವ ಕೆಂಪು ಶಾಯಿಯಲ್ಲಿ ಅದ್ದಿದರು. ತಂತಿಯ ಸಂದಿಯಿಂದ ಹೊರಗೆ ಜೋತುಬಿದ್ದ ಬಾಲವನ್ನು ಇಕ್ಕಳದಲ್ಲಿ ಮೆಲ್ಲಗೆ ಹಿಡಿದು, ಬುಡದಿಂದ ತುದಿಗೆ ಹಚ್ಚಿದರು. ಇಲಿ ತಿರುಗಿ ನೋಡಿದ ರೀತಿ ನನಗಿನ್ನೂ ನೆನಪಿದೆ. ಮೀಸೆ ನಡುಗುತ್ತಿತ್ತು. ನಾಲ್ಕು ಕಾಲಂ ಪಕ್ಕ ಐದನೆಯದು ಬಂತು: 'ಬಾಲ'. ಆ ಬೇಸಿಗೆ ರಜೆಯಲ್ಲಿ ಒಟ್ಟು ಏಳು ಕೆಂಪು ಬಾಲಗಳು ಹಳಿಯಾಚೆಗೆ ಹೋದವು. ಒಂದೂ ವಾಪಸು ಬರಲಿಲ್ಲ. ಬೋನು ಕೇಳಲು ಬಂದವರಿಗೆಲ್ಲ ಮೇಷ್ಟ್ರು ಪುಸ್ತಕ ತೆರೆದು ತೋರಿಸುತ್ತಿದ್ದರು.

ರಜೆ ಮುಗಿಯಲು ನಾಲ್ಕು ದಿನವಿರುವಾಗ ನಮ್ಮ ಮನೆಯ ಬೋನಿಗೆ ಒಂದು ಇಲಿ ಬಿತ್ತು. ಅದರ ಬಾಲ ನೀಲಿ.

ಬೀದಿಯ ಜನವೆಲ್ಲ ನಮ್ಮ ಜಗುಲಿಗೆ ಬಂದರು. ಪಂಚೆಗೆ ಹಾಕುವ ನೀಲಿಯ ಬಕೀಟಿಗೆ ಬಿದ್ದಿರಬೇಕು ಎಂದರು ಒಬ್ಬರು. ಬಕೀಟಿಗೆ ಬಿದ್ದರೆ ಬಾಲ ಮಾತ್ರ ಹೇಗೆ ನೀಲಿಯಾಗುತ್ತೆ ಎಂದರು ಮೇಷ್ಟ್ರು. ಕೆಂಪು ಶಾಯಿಯೇ ಬಿಸಿಲಿಗೆ ನೀಲಿಯಾಗಿರಬಹುದು ಎಂದ ನನ್ನ ಚಿಕ್ಕಪ್ಪನನ್ನು ಅವರು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ನೆನಪಿಸಿ ಕೂರಿಸಿದರು. ಆಮೇಲೆ ಕೋಟು ಹಾಕಿಕೊಂಡು, ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಹಳಿ ದಾಟಿ ಆಚೆ ಬೀದಿಗೆ ಹೋದರು. ಹಿಂದೆ ನಾವು. ಮನೆ ಮನೆ ಬಾಗಿಲು ತಟ್ಟಿ ಒಂದೇ ಪ್ರಶ್ನೆ: "ನಿಮ್ಮಲ್ಲಿ ಯಾರಾದ್ರೂ ಇಲಿ ಬಾಲಕ್ಕೆ ನೀಲಿ ಹಚ್ಚಿದ್ದೀರಾ?"

"ಪಂಚೆಗೆ ಹಾಕ್ತೀವಿ ಮೇಷ್ಟ್ರೇ" ಎಂದರು ಒಬ್ಬ ಹೆಂಗಸು ಬಹಳ ಗೌರವದಿಂದ. ಇನ್ನೊಂದು ಮನೆಯವರು ಬಾಗಿಲು ಹಾಕಿಕೊಂಡರು. ಕೊನೆಯ ಮನೆಯ ಮೆಟ್ಟಿಲ ಮೇಲೆ ನನ್ನಷ್ಟೇ ವಯಸ್ಸಿನ ಹುಡುಗನೊಬ್ಬ ಕೂತಿದ್ದ. ಪ್ರಶ್ನೆ ಪೂರ್ತಿ ಮುಗಿಯುವ ಮೊದಲೇ ಎದ್ದು ಒಳಗೆ ಓಡಿದ. ಅವನ ಬೆರಳ ತುದಿ ನೀಲಿಯಾಗಿದ್ದದ್ದು ನನಗೆ ಕಂಡಿತು. ಮೇಷ್ಟ್ರಿಗೂ ಕಂಡಿರಬೇಕು. ವಾಪಸು ಬರುವಾಗ ಅವರು ಮಾತಾಡಲಿಲ್ಲ.

ಈಗ ನಾನಿರುವುದು ಬಸವನಗುಡಿಯ ಹಳೇ ಬಾಡಿಗೆ ಮನೆಯಲ್ಲಿ. ಈ ಬಡಾವಣೆ ಬೆಳೆದದ್ದೇ ಇಲಿಗಳ ದೆಸೆಯಿಂದ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು, ಇಲಿಯ ಮೈಮೇಲಿನ ಚಿಗಟದಿಂದ ಬರುವ ರೋಗ. ಪೇಟೆಯ ಕಿಕ್ಕಿರಿದ ಸಂದಿಗಳಿಂದ ಜನರನ್ನು ಹೊರಗೆ ತರಬೇಕೆಂದು ಬಸವನಗುಡಿ, ಮಲ್ಲೇಶ್ವರ ಎದ್ದವು. ಅಗಲವಾದ ರಸ್ತೆ, ಗಾಳಿ ಬೆಳಕು, ಮನೆಗಳ ಹಿಂದೆ ಕಸ ಹೊರುವವರಿಗೆಂದು ಕನ್ಸರ್ವೆನ್ಸಿ ಓಣಿ. ಇಲಿಗೆ ಹೆದರಿ ಕಟ್ಟಿದ ಆ ಓಣಿಯೇ ಈಗ ನಮ್ಮ ಹೆಗ್ಗಣಗಳ ರಾಜಬೀದಿ. ಆಚೆ ಬದಿಯ ಅಪಾರ್ಟ್‌ಮೆಂಟಿನವರು ರಾತ್ರಿ ಹತ್ತಾದ ಮೇಲೆ ಕಸದ ಕವರನ್ನು ಗಂಟು ಹಾಕಿ ಅಲ್ಲಿಗೇ ಎಸೆಯುತ್ತಾರೆ. ಗಂಟು ಹಾಕುವಷ್ಟು ನಾಗರಿಕತೆ ಇದೆ, ಗಾಡಿ ಬರುವ ತನಕ ಇಟ್ಟುಕೊಳ್ಳುವಷ್ಟಿಲ್ಲ. ಒಮ್ಮೆ ಹೇಳಲು ಹೋದೆ. "ಗಣಪತಿ ವಾಹನ ಅಲ್ವಾ ಸಾರ್, ಪಾಪ, ತಿನ್ಕೊಳ್ಳಲಿ" ಎಂದರು. ಅವರಿರುವುದು ನಾಲ್ಕನೇ ಮಹಡಿ. ವಾಹನ ಪಾರ್ಕ್ ಆಗುವುದು ನನ್ನ ಅಡಿಗೆಮನೆಯಲ್ಲಿ.

ಉಪಾಯ ಹೇಳದವರಿಲ್ಲ. ಪ್ಲಗ್ಗಿಗೆ ಸಿಕ್ಕಿಸುವ, ಮನುಷ್ಯರ ಕಿವಿಗೆ ಕೇಳದ ಶಬ್ದ ಹೊರಡಿಸುವ ಯಂತ್ರ ತಂದೆ. ಮೂರನೇ ದಿನ ಅದರ ಪಕ್ಕದಲ್ಲೇ ಹಿಕ್ಕೆ ಬಿದ್ದಿತ್ತು. ಪಾಷಾಣ ಇಟ್ಟೆವು. ಒಂದು ಸತ್ತಿತು, ಆದರೆ ಎಲ್ಲಿ ಸತ್ತಿತೆಂದು ಹೇಳಿ ಸಾಯಲಿಲ್ಲ. ಒಂದು ವಾರ ಮನೆಗೆ ನೆಂಟರು ಬರಲಿಲ್ಲ, ಅದೊಂದು ಲಾಭ. ರುಚಿ ನೋಡಿ ಬದುಕಿದವು ಮತ್ತೆ ಅದರ ಹತ್ತಿರ ಸುಳಿಯಲಿಲ್ಲ. ಕಾರಿನ ವೈರ್ ಕಡಿದಾಗ ಮೆಕ್ಯಾನಿಕ್ ಬಾನೆಟ್ ಒಳಗೆ ಹೊಗೆಸೊಪ್ಪು ಇಡಿ ಅಂದ. ಇಟ್ಟೆ. ಕಾರು ಹತ್ತಿದವರೆಲ್ಲ ಈಗ ನನ್ನನ್ನು ಅನುಮಾನದಿಂದ ನೋಡುತ್ತಾರೆ.

ಅಂಟಿನ ಹಲಗೆಯನ್ನು ಒಂದೇ ಸಲ ತಂದದ್ದು. ಬೆಳಿಗ್ಗೆ ನೋಡಿದರೆ ಹೆಬ್ಬೆರಳಷ್ಟು ಮರಿ ಒಂದು ಕೆನ್ನೆ ಅಂಟಿಕೊಂಡು ಮಲಗಿತ್ತು. ಮೇಲಿದ್ದ ಒಂದೇ ಕಣ್ಣು ನನ್ನ ಜೊತೆ ಜೊತೆಗೇ ತಿರುಗುತ್ತಿತ್ತು. ಅಡಿಗೆ ಎಣ್ಣೆ ಸವರಿ ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಬದುಕಿತೋ ಇಲ್ಲವೋ ನೋಡಲು ನಾನು ನಿಲ್ಲಲಿಲ್ಲ. ಆ ಹಲಗೆ ಬಳಸಬೇಡಿ ಎಂದು ಪ್ರಾಣಿ ಕಲ್ಯಾಣ ಮಂಡಳಿ ಹೇಳಿದೆಯಂತೆ. ಸರಿಯಾಗಿಯೇ ಹೇಳಿದೆ.

ಮಗ ವಿದೇಶದಿಂದ ವಿಡಿಯೋ ಕಾಲ್ ಮಾಡಿ, "ಅಪ್ಪ, ಪೆನ್ಸಿಲ್ ತೂರುವಷ್ಟು ಸಂದಿದ್ದರೆ ಸಾಕು, ಚಿಕ್ಕ ಇಲಿ ನುಗ್ಗುತ್ತೆ. ಆರು ಮಿಲಿಮೀಟರ್. ಎಲ್ಲ ಸಂದು ಮುಚ್ಚಿ" ಎಂದ. ಅವನು ಹೇಳುವುದು ಸರಿ. ಅದಕ್ಕೇ ಸಿಟ್ಟು ಬರುವುದು. ಈ ಮನೆಯಲ್ಲಿ ಆರು ಮಿಲಿಮೀಟರಿನ ಸಂದೆಲ್ಲ ಮುಚ್ಚಿದರೆ ಬಾಗಿಲು, ಕಿಟಕಿ, ಹೆಂಚು ಏನೂ ಉಳಿಯುವುದಿಲ್ಲ. ಪೆನ್ಸಿಲ್ ಹಿಡಿದು ಒಂದು ಮಧ್ಯಾಹ್ನ ಸುತ್ತಿದೆ. ಹನ್ನೊಂದು ಕಡೆ ತೂರಿತು, ಹನ್ನೆರಡನೆಯ ಕಡೆ ಪೆನ್ಸಿಲ್ಲೇ ಒಳಗೆ ಬಿದ್ದುಹೋಯಿತು.

ಹೀಗಾಗಿ ಸೋಪಿನ ಘಟನೆಯ ರಾತ್ರಿ ಮತ್ತೆ ಬೋನಿಗೇ ಬಂದೆ. ಗಾಂಧಿ ಬಜಾರಿನಿಂದ ಬಿಸಿ ಮಸಾಲೆ ವಡೆ ಕಟ್ಟಿಸಿಕೊಂಡು ಬಂದೆ. ನನಗೂ ಈಗ ಬಿಪಿ. ರಾತ್ರಿ ತಟ್ಟೆಯಲ್ಲಿ ಏನಿತ್ತೆಂದು ಹೇಳಬೇಕಾಗಿಲ್ಲ. ವಡೆ ಸಿಕ್ಕಿಸಿ ಮಲಗಿ, ನಾನು ಹೇಳಹೊರಟ ಆ ಸತ್ಯವನ್ನು ವಾಕ್ಯಕ್ಕೆ ಇಳಿಸುತ್ತಿದ್ದೆ. ಎರಡು ಗಂಟೆಗೆ ರಪ್ಪೆಂದಿತು.

ಲೈಟ್ ಹಾಕಿದರೆ ಉದ್ದ ಮೂತಿ, ಚೀ ಚೀ ಅಂತ ಸದ್ದು, ಮನೆಯಿಡೀ ವಾಸನೆ. ಸುಂಡಿಲಿ! ಅದು ಇಲಿಯ ಜಾತಿಯೇ ಅಲ್ಲ, ಜಿರಳೆ ಹುಳು ತಿಂದು ಬದುಕುವ ಪ್ರಾಣಿ. ಸೋಪು ಕಡಿದದ್ದು ಅದಲ್ಲ.

"ರೀ, ಅದನ್ನ ಓಡಿಸ್ಬೇಡಿ. ಸುಂಡಿಲಿ ಇದ್ರೆ ಮನೇಲಿ ದುಡ್ಡು ನಿಲ್ಲತ್ತಂತೆ. ನಿಮ್ಮಮ್ಮನೇ ಹೇಳ್ತಿದ್ರು" ಎಂದಳು ಹೆಂಡತಿ ಮೂಗಿಗೆ ಸೆರಗು ಹಿಡಿದು.

ಓಣಿಯ ಕಡೆ ಬಾಗಿಲು ತೆರೆದು ಬೋನಿನ ಬಾಯಿ ಎತ್ತಿದೆ. ಅದು ಹೊರಗಿನ ಕತ್ತಲನ್ನು ಒಂದು ಗಳಿಗೆ ಮೂಸಿತು, ಹಿಂದಕ್ಕೆ ತಿರುಗಿತು, ಗೋಡೆಯಂಚು ಹಿಡಿದು ಗಡಿಬಿಡಿಯಿಲ್ಲದೆ ನೇರ ಬಚ್ಚಲುಮನೆಗೆ ನಡೆಯಿತು. ಕೊಕ್ಕೆಯಲ್ಲಿ ಮುಕ್ಕಾಲು ವಡೆ ಉಳಿದಿತ್ತು. ನಾನು ಹೋಗಿ ಸೋಪನ್ನು ಮೇಲಿನ ಗೂಡಿಗೆ ಎತ್ತಿಟ್ಟು ಬಂದು ಮಲಗಿದೆ.