ಅವರು ಡಬ್ಬ ಉಳಿಸಿದರು, ನಾವು ಮೆಕ್ಯಾನಿಕ್‌ನನ್ನೂ ಉಳಿಸಿಕೊಳ್ಳಲಿಲ್ಲ

"ನಿಮ್ಮ ದೇಶದಲ್ಲಿ ಪಿಕ್ಚರ್ ಟ್ಯೂಬಿನ ಕತ್ತು ಕೊಯ್ದು ಗನ್ ಬದಲಿಸಿ ಕೊಡುವವರಿದ್ದರಂತಲ್ಲ, ಅವರಲ್ಲಿ ಯಾರಾದರೂ ನಿಮಗೆ ಗೊತ್ತೇ?"

ಅಮೆರಿಕದ ಒಹಾಯೋದಲ್ಲಿ ಪರಿಚಯವಾದ ಒಬ್ಬ ಹಳೇ ಟಿವಿ ಸಂಗ್ರಾಹಕರು ತಮ್ಮ ನೆಲಮಾಳಿಗೆಯಲ್ಲಿ ನಿಂತು ಕೇಳಿದ ಪ್ರಶ್ನೆ ಇದು. ಗನ್ ಎಂದರೆ ಟ್ಯೂಬಿನ ಕತ್ತಿನೊಳಗೆ ಕೂತು ಪರದೆಯತ್ತ ಎಲೆಕ್ಟ್ರಾನ್ ಕಿರಣ ಹಾಯಿಸುವ ಭಾಗ. ಸುತ್ತ ಗೋಡೆಯುದ್ದಕ್ಕೂ ಟಿವಿಗಳು. ಮರದ ಪೆಟ್ಟಿಗೆಯವು, ದುಂಡು ಮೂತಿಯವು, ಸ್ಟುಡಿಯೋದಿಂದ ಬಂದ ಬೂದು ಬಣ್ಣದ ಮಾನಿಟರ್‌ಗಳು. ಒಂದೊಂದಕ್ಕೂ ಚೀಟಿ: ಯಾವ ವರ್ಷದ್ದು, ಯಾರ ಮನೆಯಿಂದ ಬಂತು, ಯಾವ ಕೆಪಾಸಿಟರ್ ಬದಲಿಸಿದ್ದು. ಅವರು ಕೇಳಿದ್ದು ಗೌರವದಿಂದಲೇ, ತಮಗೆ ಬೇಕಾದ ವಿದ್ಯೆ ನಮ್ಮಲ್ಲಿದೆ ಎಂಬ ಆಸೆಯಿಂದ. ನನಗೆ ಮಾತ್ರ ಎದೆಗೆ ಚುಚ್ಚಿದಂತಾಯಿತು. ಅಂಥವರು ನಮ್ಮಲ್ಲಿ ಇದ್ದದ್ದು ನಿಜ. ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಹೇಳಲು ನನ್ನ ಬಳಿ ಒಂದು ಹೆಸರೂ ಇರಲಿಲ್ಲ.

ಅಮೆರಿಕಕ್ಕೆ ಬಂದ ಮೇಲೆ ಹತ್ತಿಕೊಂಡ ಹುಚ್ಚು ಇದು. ಪಿಕ್ಚರ್ ಟ್ಯೂಬಿನ ಟಿವಿ ಹುಡುಕುವುದು, ಹೊತ್ತು ತರುವುದು, ರಿಪೇರಿ ಮಾಡುವುದು. ಇಲ್ಲಿನ ಹುಡುಗರು ಇದನ್ನು ಬಯಸುವುದಕ್ಕೆ ಮುಖ್ಯ ಕಾರಣ ಹಳೇ ವಿಡಿಯೋ ಗೇಮು. ಆ ಗೇಮುಗಳ ಚಿತ್ರ ಬರೆದವರು ಟ್ಯೂಬನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದವರು. ಎಲೆಕ್ಟ್ರಾನ್ ಕಿರಣ ಒಂದೊಂದೇ ಗೆರೆ ಗೀಚುತ್ತಾ ಮೇಲಿನಿಂದ ಕೆಳಗೆ ಇಳಿಯುತ್ತದೆ. ಗೆರೆ ಬೆಳಗಿದ ಮರುಕ್ಷಣವೇ ಆರುತ್ತದೆ. ಹಾಗಾಗಿ ಓಡುವ ವಸ್ತು ಕಣ್ಣಿಗೆ ಮಸುಕಾಗುವುದಿಲ್ಲ. ಈಗಿನ ಎಲ್‌ಸಿಡಿ ಪರದೆ ಒಂದು ಚಿತ್ರವನ್ನು ಮುಂದಿನದು ಬರುವವರೆಗೆ ಹಿಡಿದಿಟ್ಟುಕೊಳ್ಳುತ್ತದೆ; ಕಣ್ಣು ಚಲಿಸುತ್ತದೆ, ಚಿತ್ರ ನಿಂತಿರುತ್ತದೆ, ಅಲ್ಲೇ ಮಬ್ಬು. ಪರದೆಯತ್ತ ಗುರಿಯಿಟ್ಟು ಹೊಡೆಯುವ ಹಳೇ ಆಟದ ಬಂದೂಕುಗಳಂತೂ ಟ್ಯೂಬಿಲ್ಲದೆ ಕೆಲಸವನ್ನೇ ಮಾಡುವುದಿಲ್ಲ.

ಆದರೆ ಹುಚ್ಚು ಗೇಮಿಗೆ ನಿಲ್ಲುವುದಿಲ್ಲ. ಸೋನಿ 1968ರಲ್ಲಿ ತಂದ ಟ್ರಿನಿಟ್ರಾನ್ ಟ್ಯೂಬಿನ ಮುಂದೆ ಭೂತಗನ್ನಡಿ ಹಿಡಿದು ಕೂತರೆ ಕೆಂಪು, ಹಸಿರು, ನೀಲಿ ಪಟ್ಟಿಗಳು ಮೇಲಿನಿಂದ ಕೆಳಗಿನವರೆಗೆ ಕಡಿಯದೆ ಇಳಿದಿರುವುದು ಕಾಣುತ್ತದೆ. ಬಿಳಿ ಚಿತ್ರ ಬಂದಾಗ ಅಡ್ಡಕ್ಕೆ ಕೂದಲೆಳೆಯಷ್ಟು ನೆರಳೂ ಕಾಣುತ್ತದೆ. ಬಹಳ ಮಂದಿ ಅದನ್ನು ದೋಷ ಎಂದುಕೊಳ್ಳುತ್ತಾರೆ. ಒಳಗಿನ ತಂತಿಗಳ ಜಾಲರಿ ಅದುರದಂತೆ ಹಿಡಿದಿಡುವ ಸಣ್ಣ ತಂತಿಯ ನೆರಳು ಅದು. ಇಂಥ ವಿಷಯಗಳನ್ನು ಇಲ್ಲಿ ಹದಿನೆಂಟರ ಹುಡುಗ ಗಂಟೆಗಟ್ಟಲೆ ಮಾತಾಡುತ್ತಾನೆ. 24 ಇಂಚಿನ ಸೋನಿ ಎಫ್‌ಡಬ್ಲ್ಯೂ900 ಮಾನಿಟರ್ ಸಿಗುತ್ತದೆಂದರೆ ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಹೋಗಿ, 40 ಕಿಲೋಗೂ ಮಿಕ್ಕ ಆ ಭಾರವನ್ನು ತಬ್ಬಿಕೊಂಡು ತರುವವರಿದ್ದಾರೆ. 1989ರಲ್ಲಿ ಸೋನಿ 43 ಇಂಚಿನ ಒಂದು ಟಿವಿ ಮಾಡಿತ್ತು, ತೂಕ ಹತ್ತಿರ ಹತ್ತಿರ 200 ಕಿಲೋ. ಅದು ಎಲ್ಲೂ ಉಳಿದಿಲ್ಲ ಎಂದೇ ಎಲ್ಲರೂ ನಂಬಿದ್ದರು. ಒಸಾಕಾದ ಒಂದು ಹೋಟೆಲಿನ ಮಹಡಿಯಲ್ಲಿ ಒಂದು ಪತ್ತೆಯಾದಾಗ, ಕಟ್ಟಡ ಕೆಡವುವ ಮೊದಲೇ ಅದನ್ನು ಇಳಿಸಿ ಸಾಗರ ದಾಟಿಸಿ ಅಮೆರಿಕಕ್ಕೆ ತಂದರು. ಗೊತ್ತಿಲ್ಲದ ಜನ, ಬೇರೆ ಬೇರೆ ದೇಶದವರು, ಒಂದು ಟಿವಿಗಾಗಿ ಕೈ ಜೋಡಿಸಿದರು.

ಒಹಾಯೋದ ಕೊಲಂಬಸ್ ನಗರದ ಪಕ್ಕದ ಹಿಲಿಯರ್ಡ್‌ನಲ್ಲಿ ಹಳೇ ಟಿವಿಗಳದ್ದೇ ಒಂದು ಮ್ಯೂಸಿಯಂ ಇದೆ, ಅರ್ಲಿ ಟೆಲಿವಿಷನ್ ಮ್ಯೂಸಿಯಂ. ತಿರುಗುವ ತಟ್ಟೆಯಿಂದ ಚಿತ್ರ ಮೂಡಿಸುತ್ತಿದ್ದ ಕಾಲದ ಯಂತ್ರಗಳಿಂದ ಹಿಡಿದು 1954ರ ಆರ್‌ಸಿಎ ಕಲರ್ ಟಿವಿಯವರೆಗೆ ಅಲ್ಲಿದೆ. ಅಯೋವಾ ರಾಜ್ಯದ ಡೆ ಮೊಯಿನ್‌ನಲ್ಲಿ ಪಿಕ್ಚರ್ ಟ್ಯೂಬ್ ಮರುನಿರ್ಮಾಣ ಮಾಡುತ್ತಿದ್ದ ಅಮೆರಿಕದ ಕೊನೆಯ ಕಾರ್ಖಾನೆ 2010ರಲ್ಲಿ ಬಾಗಿಲು ಹಾಕಿದಾಗ, ಅದರ ಯಂತ್ರಗಳನ್ನೂ ಈ ಮ್ಯೂಸಿಯಂನವರೇ ತಂದಿಟ್ಟುಕೊಂಡರು. ಟಿವಿ ಉಳಿದರೆ ಸಾಲದು, ಟಿವಿ ಬದುಕಿಸುವ ಸಲಕರಣೆಯೂ ಉಳಿಯಬೇಕು ಎಂದು ಯಾರಿಗೋ ಹೊಳೆದಿದೆಯಲ್ಲ, ನನಗೆ ಹೊಟ್ಟೆಕಿಚ್ಚಾಗುವುದು ಅದಕ್ಕೇ.

ಯಾಕೆಂದರೆ ಆ ಕೆಲಸ ನಮ್ಮಲ್ಲಿ ಮ್ಯೂಸಿಯಂ ವಸ್ತುವಾಗಿರಲಿಲ್ಲ, ದಿನನಿತ್ಯದ ಕಸುಬಾಗಿತ್ತು. ಟ್ಯೂಬು ಸೋತು ಚಿತ್ರ ಮಂಕಾದರೆ ನಮ್ಮ ಮೆಕ್ಯಾನಿಕ್ ಮೊದಲು ಮಾಡುತ್ತಿದ್ದುದೇನು? ಎಲ್‌ಓಟಿ ಎಂಬ, ಟ್ಯೂಬಿಗೆ ಹೈವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರಿನ ಫೆರೈಟ್ ಕೋರಿಗೆ ಒಂದೆರಡು ಸುತ್ತು ವೈರು ಸುತ್ತಿ, ಗನ್ನಿನ ಹೀಟರಿಗೆ ಸಿಗುವ 6.3 ವೋಲ್ಟನ್ನು ಚೂರು ಏರಿಸುತ್ತಿದ್ದ. ಎಷ್ಟು ಸುತ್ತು ಎಂಬುದು ಕೈಯ ಅಂದಾಜು. ಹೆಚ್ಚಾದರೆ ಹೀಟರ್ ಸುಟ್ಟು ಟ್ಯೂಬೇ ಹೋಗುತ್ತದೆ, ಕಡಿಮೆಯಾದರೆ ಮುಖದ ಬಣ್ಣ ತಿರುಗುವುದಿಲ್ಲ. ಆ ಎರಡು ಸುತ್ತು ವೈರಿನಿಂದ ಇನ್ನೆರಡು ವರ್ಷ ಟಿವಿ ನಡೆಯುತ್ತಿತ್ತು. ಬಣ್ಣ ಕೂಡಿಸುವಾಗ ಟಿವಿಯ ಮುಂದೆ ಒಂದು ಕನ್ನಡಿ ನಿಲ್ಲಿಸಿ, ತಾನು ಹಿಂದೆ ಕೂತು, ಕತ್ತಿನ ಮೇಲಿನ ಅಯಸ್ಕಾಂತದ ಬಳೆಗಳನ್ನು ಬೆರಳ ತುದಿಯಲ್ಲಿ ತಿರುಗಿಸುತ್ತಾ ಕನ್ನಡಿಯಲ್ಲಿ ಚಿತ್ರ ನೋಡುತ್ತಿದ್ದ. ಒಳಗೆ 25 ಸಾವಿರ ವೋಲ್ಟ್ ಹರಿದಾಡುತ್ತಿರುವ ಪೆಟ್ಟಿಗೆ ಅದು. ಸ್ವಿಚ್ ಆರಿಸಿದ ಮೇಲೂ ಟ್ಯೂಬಿನ ಗಾಜು ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ. ವೈರು ಕಟ್ಟಿದ ಸ್ಕ್ರೂ ಡ್ರೈವರನ್ನು ರಬ್ಬರ್ ಟೋಪಿಯ ಕೆಳಗೆ ತೂರಿಸಿ "ಚಟ್" ಅನ್ನಿಸಿ, ಆಮೇಲೆ ಕೈ ಹಾಕುತ್ತಿದ್ದ.

ಇನ್ನೂ ಕಷ್ಟದ ಕೆಲಸ ಗನ್ ಬದಲಿಸುವುದು. ಗಾಜಿನ ಕತ್ತು ಕತ್ತರಿಸಿ, ಹಳೇ ಗನ್ ತೆಗೆದು ಹೊಸದನ್ನು ಬೆಂಕಿಯಲ್ಲಿ ಬೆಸೆದು, ಟ್ಯೂಬನ್ನು ಓವನ್ನಿನಲ್ಲಿ ಕಾಯಿಸುತ್ತಾ ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಬಾಯಿ ಮುಚ್ಚಿ, ಉಳಿದ ಅನಿಲ ಹೀರಲು ಗೆಟರ್ ಎಂಬ ಲೋಹವನ್ನು ಒಳಗೇ ಸುಡಬೇಕು. ಕತ್ತಿನ ಬಳಿ ಬೆಳ್ಳಿಯಂಥ ಹೊಳಪು ಬಂದರೆ ಗೆದ್ದಂತೆ. ಹಾಲಿನ ಬಿಳುಪಿಗೆ ತಿರುಗಿದರೆ ಗಾಳಿ ಹೊಕ್ಕಿತೆಂದೇ ಲೆಕ್ಕ. ಅಮೆರಿಕದಲ್ಲಿ ಇದನ್ನು ಬಲ್ಲವರಿಗಾಗಿ ಇಂದು ದೀಪ ಹಿಡಿದು ಹುಡುಕುತ್ತಾರೆ. ನಮ್ಮಲ್ಲಿ ಬಲ್ಲವರು ಎಲ್ಇಡಿ ಪ್ಯಾನೆಲ್ ಬಂದೊಡನೆ ಮೊಬೈಲ್ ರಿಪೇರಿಗೋ ಸಿಸಿಟಿವಿ ಕೂರಿಸುವುದಕ್ಕೋ ಹೋದರು. ಅವರನ್ನು ಒಂದು ಮಾತು ಕೇಳಿದವರಿಲ್ಲ, ಬರೆದಿಟ್ಟವರಿಲ್ಲ. ಇಲ್ಲಿ ಇಂಡಿಯಾನಾಪೊಲಿಸ್‌ನ ಒಂದು ಪ್ರಕಾಶನ ಸಂಸ್ಥೆ 1946ರಿಂದಲೇ ಟಿವಿ, ರೇಡಿಯೋಗಳ ಸರ್ಕ್ಯೂಟ್‌ಗಳನ್ನು ಫೋಟೋ ಸಮೇತ ಅಚ್ಚು ಹಾಕುತ್ತಾ ಬಂತು. 50ರ ದಶಕದ ಯಾವುದೋ ಟಿವಿ ಕೆಟ್ಟರೆ ಈಗಲೂ ಆ ಹಾಳೆ ತೆರೆದು ಬಿಡಿಭಾಗ ಗುರುತಿಸಬಹುದು. ನಮ್ಮ ಟಿವಿಗಳ ಸರ್ಕ್ಯೂಟ್ ಇದ್ದದ್ದು ಬಹುಪಾಲು ಮೆಕ್ಯಾನಿಕ್‌ನ ತಲೆಯಲ್ಲಿ ಮತ್ತು ಎಣ್ಣೆ ಮೆತ್ತಿದ ಒಂದು ನೋಟ್‌ಬುಕ್ಕಿನಲ್ಲಿ.

ನಮಗೆ ಕಥೆ ಇಲ್ಲದೆ ಏನಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗವನ್ನೇ ನೋಡಿ. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಹಳ್ಳಿಗೆ ಚಿತ್ರ. ಆರು ರಾಜ್ಯಗಳ 2,400 ಹಳ್ಳಿಗಳು. ಅದರಲ್ಲಿ ನಮ್ಮ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಯ ಹಳ್ಳಿಗಳೂ ಇದ್ದವು. ಹೈದರಾಬಾದಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಇಸಿಐಎಲ್ ಮಾಡಿದ ಬ್ಲ್ಯಾಕ್ ಅಂಡ್ ವೈಟ್ ಸೆಟ್ಟು, ಕೋಳಿ ಬಲೆಯ ತಂತಿಯಿಂದ ಮಾಡಿದ ಹತ್ತಡಿ ಅಗಲದ ಆಂಟೆನಾ, ಎದುರಿಗೆ ಇಡೀ ಊರು, ಪರದೆಯಲ್ಲಿ ಕನ್ನಡ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಗುಲ್ಬರ್ಗದಲ್ಲಿ 1977ಕ್ಕೇ ಟಿವಿ ಕೇಂದ್ರ ಬಂದಿತ್ತು. ಜಗತ್ತಿನ ಟಿವಿ ಇತಿಹಾಸದಲ್ಲಿ ಇಂಥದ್ದು ಬೇರೆ ಯಾರಿಗಿದೆ? ಆ ಸೆಟ್ಟುಗಳಲ್ಲಿ ಒಂದನ್ನು ಕಣ್ಣಾರೆ ನೋಡಬೇಕೆಂದು ನಾನು ಕೇಳದವರಿಲ್ಲ. ಎಲ್ಲರ ಉತ್ತರವೂ ಒಂದೇ: "ಅಯ್ಯೋ, ಅದೆಲ್ಲ ಯಾವತ್ತೋ ಗುಜರಿಗೆ ಹೋಯ್ತು ಬಿಡಿ."

"ಬಿಡಿ" ಎಂದು ಅವರು ಹೇಳುವ ಧಾಟಿಗೆ ನನಗೆ ಸಿಟ್ಟು ಬರುತ್ತದೆ. ಬೆಂಗಳೂರಿನ ಬಿಇಎಲ್ ಸ್ವತಃ ಬ್ಲ್ಯಾಕ್ ಅಂಡ್ ವೈಟ್ ಪಿಕ್ಚರ್ ಟ್ಯೂಬ್ ತಯಾರಿಸುತ್ತಿತ್ತು. 1982ರ ಏಷ್ಯನ್ ಗೇಮ್ಸ್ ಜೊತೆಗೆ ಕಲರ್ ಬಂತು. ಡಯನೋರಾ, ಸಾಲಿಡೇರ್, ಬಿಪಿಎಲ್, ಒನಿಡಾ, ವಿಡಿಯೋಕಾನ್ ಎಂದು ಹೆಸರು ಹೇಳಿದರೆ ಈಗಲೂ ಎಲ್ಲರ ಮುಖ ಅರಳುತ್ತದೆ. ಆದರೆ ಒಂದು ಚಾಲೂ ಸೆಟ್ಟು ತೋರಿಸಿ ಎಂದರೆ ಇಲ್ಲ. ಎಕ್ಸ್‌ಚೇಂಜ್ ಆಫರ್ ಬಂತು, ಕೊಟ್ಟೆವು, ಮುಗಿಯಿತು. ಆಮೇಲೆ ಯಾವನೋ ಬಡವ ಬರಿಗೈಯಲ್ಲಿ ಟ್ಯೂಬ್ ಒಡೆದು ಅದರ ಕತ್ತಿನ ಸುತ್ತಲಿನ ಯೋಕ್ ಸುರುಳಿಯ ತಾಮ್ರ ಬಿಚ್ಚಿಕೊಂಡ. ಕಿಲೋಗಟ್ಟಲೆ ಸೀಸವಿರುವ ಗಾಜು ಮಣ್ಣಿನ ಪಾಲಾಯಿತು. ಇ-ತ್ಯಾಜ್ಯ ನಿಯಮ 2012ರಲ್ಲಿ ಜಾರಿಗೆ ಬರುವ ಹೊತ್ತಿಗೆ ಟ್ಯೂಬ್ ಟಿವಿಗಳು ಮನೆ ಬಿಡಲು ಶುರು ಮಾಡಿಯಾಗಿತ್ತು.

ನನ್ನ ಸೋದರಮಾವನಿಗೆ ಒಮ್ಮೆ ಫೋನಿನಲ್ಲಿ ಇದನ್ನೆಲ್ಲ ಹೇಳಿ ಬೇಸರ ತೋಡಿಕೊಂಡಾಗ ಅವರು ಶಾಂತವಾಗಿ ಕೇಳಿದರು: "ಅಲ್ಲಪ್ಪಾ, ಅವರಿಗೆ ಹಳೇದು ಇಡೋಕೆ ನೆಲದ ಕೆಳಗೂ ಒಂದು ಮನೆ ಇದೆ. ನಮ್ಮ ಟಿವಿ ನಮ್ಮ ಮನೇಲಿ ಹತ್ತು ವರ್ಷ ಓಡ್ತು, ಆಮೇಲೆ ತೋಟ ನೋಡ್ಕೊಳ್ಳೋನ ಮನೇಲಿ ಎಂಟು ವರ್ಷ ಓಡ್ತು. ಓಡೋದೇ ನಿಂತ್ಮೇಲೆ ಏನು ಇಡೋದು?" ಅವತ್ತು ನಾನು ಒಪ್ಪಲಿಲ್ಲ. ಈಗಲೂ ಪೂರ್ತಿ ಒಪ್ಪುವುದಿಲ್ಲ.

ಆದರೆ ಒಂದನ್ನು ಹೇಳಲೇಬೇಕು. ಆ ಮ್ಯೂಸಿಯಂ ಇರುವ ಕೊಲಂಬಸ್ ಆಸುಪಾಸಿನಲ್ಲೇ, ಹಳೇ ಟ್ಯೂಬುಗಳ ಗಾಜನ್ನು ಸಂಸ್ಕರಿಸುತ್ತೇವೆಂದು ತಂದು ತುಂಬಿಸಿಕೊಂಡ ಕಂಪನಿಯೊಂದು ಹತ್ತಾರು ಸಾವಿರ ಟನ್ ಸೀಸದ ಗಾಜನ್ನು ಗೋದಾಮುಗಳಲ್ಲಿ ಹಾಗೇ ಬಿಟ್ಟುಹೋಯಿತು. ಮ್ಯೂಸಿಯಂನಲ್ಲಿ ದೀಪ ಹಾಕಿ ನಿಲ್ಲಿಸಿದ ಟಿವಿಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಟಿವಿಗಳು ಪುಡಿಯಾಗಿ ಅಲ್ಲಿ ರಾಶಿ ಬಿದ್ದಿದ್ದವು. ಅಮೆರಿಕದ ಹಳೇ ಟ್ಯೂಬಿನ ಗಾಜನ್ನು ತರಿಸಿಕೊಂಡು ಕರಗಿಸಿ ಹೊಸ ಟ್ಯೂಬಿಗೆ ಗಾಜು ಮಾಡುತ್ತಿದ್ದ ಜಗತ್ತಿನ ಕೊನೆಯ ಕೆಲವೇ ಕಾರ್ಖಾನೆಗಳಲ್ಲಿ ಒಂದು ಇದ್ದದ್ದು ಗುಜರಾತಿನ ಭರೂಚ್‌ನಲ್ಲಿ. ಇವರು ಬಿಸಾಡಿದ್ದನ್ನು ನಮ್ಮವರು ಟಿವಿ ಮಾಡಿ ನೋಡಿದ್ದಾರೆ. ಇಲ್ಲಿನ ಸಂಗ್ರಾಹಕರ ಪ್ರೀತಿಯೂ ಎಲ್ಲ ಟಿವಿಗೂ ಸಮವಾಗಿ ಹಂಚಿಲ್ಲ. ಟ್ರಿನಿಟ್ರಾನಿಗೆ ಜನ ಮುಗಿಬೀಳುತ್ತಾರೆ, ಹೆಸರಿಲ್ಲದ 90ರ ದಶಕದ ಟಿವಿ ಮಳೆಯಲ್ಲಿ ರಸ್ತೆಬದಿ ನೆನೆಯುತ್ತಾ ಕೂತಿರುತ್ತದೆ. ನಮ್ಮಲ್ಲಿ ಕೊನೆಯ ಉಸಿರಿನವರೆಗೆ ಟಿವಿಯನ್ನು ಓಡಿಸಿದವರೂ ಅದನ್ನು ಒಂದು ರೀತಿಯಲ್ಲಿ ಉಳಿಸಿಕೊಂಡವರೇ. ಮಾವನ ಮಾತಿಗೆ ಇಷ್ಟು ಮಾತ್ರ ಕೊಡಬಲ್ಲೆ.

ಓಡಿಸಿ ಮುಗಿಸಿದ ಮೇಲೆ ನೆನಪಿಗೆ ಒಂದಾದರೂ ಬೇಡವೇ ಎಂಬ ನನ್ನ ಪ್ರಶ್ನೆ ಮಾತ್ರ ಹಾಗೇ ಇದೆ. ಅದಕ್ಕೇ ಕಲಬುರಗಿ, ವಿಜಯಪುರ, ರಾಯಚೂರು ಕಡೆಯವರು ಇದನ್ನು ಓದುತ್ತಿದ್ದರೆ ಒಂದು ಬೇಡಿಕೆ. ನಿಮ್ಮೂರ ಹಳೇ ಶಾಲೆಯ, ಪಂಚಾಯಿತಿಯ ಮುರುಕಲು ಸಾಮಾನಿನ ಕೋಣೆಯನ್ನು ಒಮ್ಮೆ ನೋಡಿ. ದೊಡ್ಡ ಪರದೆಯ ಬ್ಲ್ಯಾಕ್ ಅಂಡ್ ವೈಟ್ ಸೆಟ್ಟು ಕಂಡರೆ, ಹಿಂದೆ ಇಸಿಐಎಲ್ ಎಂದಿದ್ದರೆ, ದಯವಿಟ್ಟು ಪ್ಲಗ್ ಹಾಕಿ ನೋಡಬೇಡಿ. ಒಣಗಿದ ಕೆಪಾಸಿಟರ್ ಸಿಡಿದು ಇರುವುದೂ ಹೋಗುತ್ತದೆ. ಎತ್ತುವಾಗ ಹಿಂಬದಿ ಕತ್ತಿಗೆ ಏಟು ಬೀಳದಂತೆ, ಪರದೆಯ ಭಾಗವನ್ನು ಎದೆಗೆ ಒರಗಿಸಿ ಎತ್ತಿ. ಒಳಗೆ ಅಂಟಿಸಿದ ಚೀಟಿ, ಬರೆದ ನಂಬರು ಏನಿದ್ದರೂ ಫೋಟೋ ತೆಗೆಯಿರಿ. ಆಮೇಲೆ ನಿಮ್ಮ ತಾಲ್ಲೂಕಿನಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ, ಈಗ ಬೇರೆ ಕೆಲಸದಲ್ಲಿರುವ ಹಿರಿಯರೊಬ್ಬರನ್ನು ಕರೆದುಕೊಂಡು ಬಂದು ತೋರಿಸಿ. ಅವರು ಹಿಂಬದಿ ಬಿಚ್ಚಿ ಮಾತಾಡಲು ಶುರು ಮಾಡಿದರೆ, ಫೋನಿನ ರೆಕಾರ್ಡರ್ ಆನ್ ಮಾಡಿ ಪಕ್ಕದಲ್ಲಿಡಿ.