ಬಿದ್ದ ಹಲಸಿನಹಣ್ಣು ಎತ್ಕೊಂಡು ಬರೋದೂ ಶಿಕಾರಿನೇ ಹಾಗಾದ್ರೆ

ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು ವಾಟ್ಸಾಪ್ ತೆಗೆದ್ರೆ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದು ವಿಡಿಯೋ. ತೋಟದ ಮೇಲ್ಗಡೆ ಕಾಡಂಚು, ದರಗಿನ ಮಧ್ಯೆ ಎರಡು ನಾಯಿ ಬೊಗಳ್ತಿದಾವೆ, ನಡುವೆ ಒಂದು ಕಾಡಾಮೆ ತಲೆ ಒಳಗೆಳ್ಕೊಂಡು ಕೂತಿದೆ, ಹಿಂದಿಂದ ಒಬ್ಬ "ಸಿಕ್ತು ನೋಡ್ರೋ ಇವತ್ತಿನ ಶಿಕಾರಿ" ಅಂತ ಕೇಕೆ ಹಾಕ್ತಿದಾನೆ. ಕೆಳಗೆ ಸಾಲಾಗಿ ಚಪ್ಪಾಳೆ ಇಮೋಜಿ. ಶಿಕಾರಿ ಅಂತೆ! ಹುಡುಕಿದ್ದು ನಾಯಿ, ಓಡೋಕೆ ಬರದೇ ಕೂತಿದ್ದು ಆಮೆ, ಇವನು ಮಾಡಿದ್ದು ಬಗ್ಗಿ ಎತ್ಕೊಂಡಿದ್ದು.

ಇದು ಕೆರೆ ಆಮೆ ಅಲ್ಲ ಮಾರಾಯ್ರೆ. ತಿರುವಾಂಕೂರು ಆಮೆ ಅಂತಾರೆ, ಪ್ರಪಂಚದಲ್ಲಿ ನಮ್ಮ ಪಶ್ಚಿಮ ಘಟ್ಟ ಬಿಟ್ರೆ ಇನ್ನೆಲ್ಲೂ ಇಲ್ಲ, ಕರ್ನಾಟಕ ಕೇರಳ ತಮಿಳುನಾಡು ಅಷ್ಟೇ. ಒಂದಡಿ ಬೆಳೆದ್ರೆ ಹೆಚ್ಚು. ಹುಲ್ಲು, ಉದುರಿದ ಹಣ್ಣು, ಅಣಬೆ ತಿಂದ್ಕೊಂಡಿರೋ ಜೀವ, ಮೊಟ್ಟೆ ಇಡೋದು ಬೆರಳೆಣಿಕೆಯಷ್ಟು. ಈ ವರ್ಷ ತಿಂದು ಮುಂದಿನ ವರ್ಷ ಮತ್ತೆ ಬರುತ್ತೆ ಅನ್ನೋಕೆ ಕೋಳಿ ಅಲ್ವಲ್ಲ. ಬೇಸಿಗೆಲಿ ಯಾರಾದ್ರೂ ಕಾಡಿಗೆ ಬೆಂಕಿ ಇಟ್ರೂ ಸಾಯೋದು ಇದೇ.

1972ರ ವನ್ಯಜೀವಿ ಕಾಯ್ದೆ ಪ್ರಕಾರ ಇದು ಅಪರಾಧ ಅಂತ ಒಂದು ಲೈನ್ ಹಾಕಿದ್ದೇ ತಡ, ಚಿಕ್ಕಪ್ಪನ ವಾಯ್ಸ್ ಮೆಸೇಜ್: "ಮೂಲವ್ಯಾಧಿಗೆ ಒಳ್ಳೇದು ಕಣೋ, ಉಬ್ಬಸಕ್ಕೂ." ಅಲ್ಲ ಚಿಕ್ಕಪ್ಪ, ನಲ್ವತ್ತು ವರ್ಷದಿಂದ ತಿಂತಿದೀರಲ್ಲ, ವಾಸಿ ಆಗಿದ್ರೆ ಮದುವೆಮನೆಲಿ ದಿಂಬು ಹಾಕ್ಕೊಂಡು ಯಾಕೆ ಕೂರ್ತೀರಿ?

ಬೆಂಗಳೂರಲ್ಲಿರೋ ಅತ್ತೆ ಮಗ ಎದ್ದ. "ಕಾಡಿನ ಜನ ತಲೆತಲಾಂತರದಿಂದ ತಿಂತಿದಾರೆ, ಅವರಿಗೇನು ಹೇಳ್ತೀಯ?" ಸರಿ, ಅದು ಕೇಳಬೇಕಾದ ಪ್ರಶ್ನೆನೇ. ಆದ್ರೆ ವಿಡಿಯೋದಲ್ಲಿರೋನು ಹಾಡಿಯವನಲ್ಲ, ಜೀಪಲ್ಲಿ ಬಂದೋನು, ಮನೇಲಿ ಫ್ರಿಡ್ಜ್ ತುಂಬ ಮಾಂಸ ಇರೋನು. ಹಾಡಿ ಜನ ಇವರಿಗೆ ನೆನಪಾಗೋದು ಇಂಥ ಹೊತ್ತಲ್ಲಿ ಮಾತ್ರ, ಕೂಲಿ ಜಾಸ್ತಿ ಕೇಳಿದಾಗ ಅಲ್ಲ.

ಇಷ್ಟೆಲ್ಲ ಬಿಗಿಯೋ ನಾನೇನು ಸಾಚಾ ಅಲ್ಲ. ಐದನೇ ಕ್ಲಾಸಲ್ಲಿ, ಕಾಫಿ ಕುಯ್ಲಿನ ಟೈಮು, ಅಜ್ಜಿ ಮನೆ ಹಿಂದೆ ಒಂದನ್ನ ಹಿಡಿದು ಗೋಣಿಚೀಲದಲ್ಲಿ ಹೊತ್ಕೊಂಡು ಬಂದವನು ನಾನೇ. ಅದರ ಕಣ್ಣು ಮೂಗಿನ ಸುತ್ತ ನಸುಗೆಂಪು, ಯಾರೋ ಕುಂಕುಮ ಒರೆಸಿದಂಗೆ. ಅದು ಬೆದೆಗೆ ಬಂದಾಗ ಬರೋ ಬಣ್ಣ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ರಾತ್ರಿಯೆಲ್ಲ ಚೀಲದೊಳಗೆ ಪರಪರ ಕೆರೆಯೋ ಸದ್ದು. ಮಾರನೇ ದಿನ ಮಧ್ಯಾಹ್ನ ಎರಡನೇ ಸಲ ಬಡಿಸ್ಕೊಂಡು ತಿಂದೆ. ಚಿಪ್ಪು ಕೊಟ್ಟಿಗೆ ತೊಲೆಗೆ ನೇತಾಡ್ತಿತ್ತು, ದನಕ್ಕೆ ದೃಷ್ಟಿ ಆಗಬಾರ್ದು ಅಂತ. ನಾನೂ ಸ್ಕೂಲಲ್ಲಿ ಶಿಕಾರಿ ಮಾಡ್ದೆ ಅಂತಾನೇ ಹೇಳ್ಕೊಂಡು ತಿರುಗಿದ್ದೆ.

ಈಗ ಗ್ರೂಪಲ್ಲಿ ಆ ವಿಡಿಯೋ ಡಿಲೀಟ್ ಆಗಿದೆ. ಆಮೆನ ಬಿಟ್ರಾ ಅಂತ ಕೇಳ್ದೆ. ಚಿಕ್ಕಪ್ಪ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಫೋಟೋ ಹಾಕಿದಾರೆ.